ಹದಿನೈದು ದಿನ ಬೇರೆ ಇಡಬೇಕಿತ್ತು

ಪಶು ಆಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕ ಯಾರೋ ಪರಿಚಯವಿಲ್ಲದ ಅತ್ತಿಗೆ, ನಾದಿನಿ ಇಬ್ಬರು ಕೂತಿದ್ದರು. ನಾದಿನಿಯ ತೊಡೆಯ ಮೇಲಿನ ರಟ್ಟಿನ ಪೆಟ್ಟಿಗೆಯಲ್ಲಿ ಒಂದು ಕೋಳಿ ಗೊರಗೊರ ಉಸಿರಾಡುತ್ತಿತ್ತು.

"ಮುಚ್ಚಿಹೋದ ಫಾರಮ್ಮಿಂದ ತಂದಾಗ ಇದರ ಮೈಮೇಲೆ ಒಂದು ಪುಕ್ಕಾನೂ ಇರಲಿಲ್ಲ ಅತ್ತಿಗೆ. ಈಗ ನೋಡಿ, ಹೇಗೆ ತುಂಬ್ಕೊಂಡಿದೆ."

"ಪುಕ್ಕ ಬಂತು, ಜೀವ ಹೋಗ್ತಿದೆ. ಹದಿನೈದು ದಿನ ಬೇರೆ ಇಡು ಅಂದಿದ್ರಲ್ಲ ಡಾಕ್ಟ್ರು?"

"ಇಟ್ಟಿದ್ದೆ. ಗೋಡೆ ನೋಡ್ಕೊಂಡು ನಿಂತಿರ್ತಿತ್ತು, ಕಾಳು ಮುಟ್ತಿರಲಿಲ್ಲ. ನಾಲ್ಕನೇ ದಿನ ನಮ್ಮವುಗಳ ಜೊತೆ ಬಿಟ್ಟೆ. ಆಮೇಲೇ ತಿನ್ನೋಕೆ ಶುರು ಮಾಡಿದ್ದು."

"ಅವೆಲ್ಲ ಚೆನ್ನಾಗಿವೆ ತಾನೆ?"

"ಬೆಳಿಗ್ಗೆಯಿಂದ ಹುಂಜ ಕೂಗಿಲ್ಲ."

ಅತ್ತಿಗೆ ದನಿ ತಗ್ಗಿಸಿದರು. "ಅಂಟುರೋಗ ಅಂತಾದ್ರೆ ಅಷ್ಟನ್ನೂ ಕೊಂದು ಹೂಳಿಸ್ತಾರೆ ಕಣೇ. ಇರೋದು ಇದೊಂದೇ ಅಂದ್ಬಿಡು."

"ಪಕ್ಕದ ಮನೆ ಕೋಳಿಗಳೂ ನಮ್ಮ ಹಿತ್ತಲಲ್ಲೇ ಮೇಯ್ತವೆ ಅತ್ತಿಗೆ."

"ಊರ ಉಸಾಬರಿ ನಿನಗ್ಯಾಕೆ? ಬಾಯಿ ಮುಚ್ಕೊಂಡಿರು."

ಕಾಂಪೌಂಡರ್ ಬಾಗಿಲಿಗೆ ಬಂದ. "ಕೋಳಿ ಯಾರದು? ಮನೇಲಿ ಒಟ್ಟು ಎಷ್ಟಿವೆ?"

"ಇದೊಂದೇ," ಎಂದರು ಅತ್ತಿಗೆ.

ನಾದಿನಿ ಎದ್ದು ನಿಂತಳು. "ಹನ್ನೊಂದು ಸಾರ್," ಎಂದು ಒಳಗೆ ನಡೆದಳು. ಅತ್ತಿಗೆ ಚಪ್ಪಲಿ ಮೆಟ್ಟುವುದನ್ನೂ ಮರೆತು ಹಿಂದೆಯೇ ಓಡಿದರು.