ಮಲ್ವಾಳ ಖಾಲಿ ಗುಳ್ಳೆ

ಈ ಸಭೆಯ ಅಧ್ಯಕ್ಷತೆ ವಹಿಸಿರುವ ಮಾನ್ಯ ಮೇಯರ್ ಅವರೇ, ಬೊಲೋನ್ಯಾದಿಂದ ನಮ್ಮ ಬೆಟ್ಟದೂರಿಗೆ ದಯಮಾಡಿಸಿರುವ ಪ್ರಕಾಶಕ ಮಿತ್ರರೇ, ಮುಂದಿನ ಸಾಲಿನಲ್ಲಿರುವ ನನ್ನ ಅಮ್ಮ ದೊನಾತಾ ಅವರೇ, ಹಾಗೂ ನನ್ನ ಭಾಷಣ ಮುಗಿಯದೆ ಊಟ ಸಿಗದ ಸಭಿಕರೇ,

ಇಂದು ಬಿಡುಗಡೆಯಾದ ಈ ದಪ್ಪ ಪುಸ್ತಕದಲ್ಲಿ ನನ್ನ ಕಾಮಿಕ್ಸ್ ಚಿತ್ರಕಥೆಯ ನಾಯಕಿ ಮಲ್ವಾಳ ಎಲ್ಲ ಸಂಚಿಕೆಗಳೂ ಇವೆ. ಕಪ್ಪು ಶಾಲು ಹೊದ್ದು ಚಾವಣಿಯಿಂದ ಚಾವಣಿಗೆ ಹಾರುವವಳು, ತಟ್ಟೆಯ ನೀರಿಗೆ ಆಲಿವ್ ಎಣ್ಣೆಯ ಹನಿ ಬಿಟ್ಟು ಎಂಥ ಕೆಟ್ಟ ದೃಷ್ಟಿಯನ್ನೂ ತೆಗೆಯುವವಳು. ಎಪ್ಪತ್ತರ ದಶಕದಲ್ಲಿ ನೇಪಲ್ಸ್‌ನ ಪತ್ರಿಕೆ ಅಂಗಡಿಗಳಲ್ಲಿ ಹುಟ್ಟಿದಳು. ವಿಡಿಯೋ ಆಟಗಳು ಬಂದಾಗ ಸತ್ತಳು. ಈಗ ಬೊಲೋನ್ಯಾದವರು ಎಬ್ಬಿಸಿ ಕೂರಿಸಿದ್ದಾರೆ. ನಾಯಕಿ ಅಂದಮೇಲೆ ಒಂದು ಸಲವಾದರೂ ಸತ್ತು ಬರಬೇಕು, ಅದು ನಮ್ಮ ಕಸುಬಿನ ಮರ್ಯಾದೆ.

ಆದರೆ ಮಲ್ವಾ ಹೆಸರಾದದ್ದು ಹಾರಾಟದಿಂದಲೇ? ಅಲ್ಲ. ತಟ್ಟೆಯ ಮೇಲೆ ಬಾಗಿ ಮಂತ್ರ ಹೇಳುವಾಗ ಅವಳ ಬಾಯಿಂದ ಹೊರಡುವ, ಚಿತ್ರದಲ್ಲಿ ಮಾತು ಬರೆಯುವ ಗುಳ್ಳೆ ಖಾಲಿ. ದೊಡ್ಡ, ಬಿಳಿ, ಖಾಲಿ ಗುಳ್ಳೆ. ಮೊದಲ ಪ್ರಕಾಶಕರಾದ ಗರ್ಜುಲೋ ಸಾಹೇಬರು ಮೇಜು ಗುದ್ದಿದ್ದರು.

"ಏನಮ್ಮಾ ಇಂಕೊರೊನಾತಾ, ಜನ ದುಡ್ಡು ಕೊಟ್ಟು ಗಾಳಿ ಓದ್ಬೇಕಾ? ಏನಾದ್ರೂ ಗೀಚು, ಲ್ಯಾಟಿನ್ ಥರ ಕಂಡ್ರೆ ಸಾಕು!"

ನಾನು ಗೀಚಲಿಲ್ಲ. ವಿಮರ್ಶಕರು ಅದನ್ನು ಮೌನದ ಶಕ್ತಿ ಎಂದರು. ಈ ಪುಸ್ತಕದ ಮುನ್ನುಡಿಯಲ್ಲೂ 'ಪರಂಪರೆಯ ಗುಟ್ಟು ಕಾಪಾಡಿದ ಕಲಾವಿದೆ' ಎಂದು ಬರೆದಿದ್ದಾರೆ. ಓದಿ ನಗು ತಡೆಯಲಾಗಲಿಲ್ಲ. ಕಾಪಾಡಲು ನನ್ನ ಬಳಿ ಏನಿತ್ತು? ನನಗೆ ಮಂತ್ರವೇ ಗೊತ್ತಿರಲಿಲ್ಲ!

ಹೌದು, ಇಲ್ಲಿ ಕೂತ ಅರ್ಧ ಜನರ ದೃಷ್ಟಿ ತೆಗೆದು ತಲೆನೋವು ಇಳಿಸಿದ ದೊನಾತಾಳ ಮಗಳಿಗೇ ಗೊತ್ತಿರಲಿಲ್ಲ. ಅದನ್ನು ಕ್ರಿಸ್‌ಮಸ್ ಹಿಂದಿನ ದಿನ ಮಾತ್ರ ಹೇಳಿಕೊಡಬೇಕು, ಬೇರೆ ದಿನ ಬಾಯಿಬಿಟ್ಟರೆ ಹೇಳಿದವಳ ಕೈಗುಣ ಹೋಗುತ್ತದೆ. ಹಾಗಾಗಿ ಪ್ರತಿ ವರ್ಷ ಆ ದಿನ ನಾನು ನೇಪಲ್ಸ್‌ನಿಂದ ಓಡಿಬಂದು ಅಡುಗೆಮನೆಯಲ್ಲಿ ಸುಳಿದಾಡುತ್ತಿದ್ದೆ.

"ಆಚೆ ಹೋಗೇ," ಎನ್ನುತ್ತಿದ್ದಳು ಅಮ್ಮ. "ನಿನ್ನ ಕೈಗೆ ಸಿಕ್ಕಿದ್ದೆಲ್ಲ ಅಚ್ಚಾಗುತ್ತೆ."

ನೋವಾಗುತ್ತಿತ್ತು, ಸಭಿಕರೇ. ನೀವು ದಾರಿಯಲ್ಲಿ ನಿಲ್ಲಿಸಿ "ಅಮ್ಮ ಆದ್ಮೇಲೆ ನೀನಿದ್ದೀಯಲ್ಲ ಬಿಡು" ಎಂದಾಗಲೆಲ್ಲ ತಲೆಯಾಡಿಸಿ ಬೇಗ ಬೇಗ ಹೆಜ್ಜೆ ಹಾಕುತ್ತಿದ್ದೆ. ಕಳೆದ ನವೆಂಬರಿನಲ್ಲಿ ಅಮ್ಮ ನ್ಯುಮೋನಿಯಾ ಬಂದು ಹಾಸಿಗೆ ಹಿಡಿದಾಗ ನಾನು ಎರಡಕ್ಕೂ ಅತ್ತೆ. ಅಮ್ಮ ಹೋಗುತ್ತಾಳೆಂದು ಅತ್ತೆ. ಮುತ್ತಜ್ಜಿಯಿಂದ ಬಂದದ್ದು ನನ್ನ ಕಾಲಕ್ಕೆ ಮುಗಿಯಿತೆಂದೂ ಅತ್ತೆ.

ಅಮ್ಮ ಹೋಗಲಿಲ್ಲ. ಕ್ರಿಸ್‌ಮಸ್ ಹಿಂದಿನ ಸಂಜೆ ಎದ್ದು ನಿಂತು ಉಪ್ಪುಮೀನು ಕರಿಯುತ್ತಿದ್ದಳು. ನಾನು ಅಭ್ಯಾಸದಂತೆ ಆಚೆ ಹೊರಟೆ.

"ಎಲ್ಲಿಗೆ? ಬಾಗಿಲು ಹಾಕಿ ಇಲ್ಲಿ ಬಾ."

"ಈಗ್ಯಾಕಮ್ಮಾ ಮನಸ್ಸು ಬಂತು?"

"ನಿನ್ನ ಪುಸ್ತಕ ಒಂದೂ ಬಿಡದೆ ನೋಡಿದೀನಿ ಕಣೇ. ಗೊತ್ತಿಲ್ದಿದ್ರೂ ಗೊತ್ತಿರೋಳ ಥರ ಒಂದಕ್ಷರ ಗೀಚಲಿಲ್ಲ ನೀನು. ಇದಕ್ಕೆ ಅಂಥೋಳೇ ಬೇಕು."

ಕಿವಿಯಲ್ಲಿ ಹೇಳಿದಳು. ಎಣ್ಣೆ ಸಿಡಿದು ಕೈ ಚುರುಗುಟ್ಟಿತು, ನಾನು ಅಲುಗಲಿಲ್ಲ. ಆಮೇಲೆ ಕೇಳಿದೆ, "ಇಷ್ಟೇನಾ?"

"ಮತ್ತೆ? ಬೈಬಲ್ ಪೂರ್ತಿ ಹೇಳ್ತೀನಿ ಅಂದ್ಕೊಂಡ್ಯಾ?"

ನಕ್ಕೆವು. ಎಷ್ಟು ಹಗುರಾಯಿತೆಂದು ಹೇಗೆ ಹೇಳಲಿ? ಆ ರಾತ್ರಿ ಮೀನು ತಿಂದು ಮಗುವಿನಂತೆ ಮಲಗಿದೆ.

ಬೊಲೋನ್ಯಾದ ಮಿತ್ರರು ಕೇಳಿದರು, "ಈಗಲಾದ್ರೂ ಗುಳ್ಳೆ ತುಂಬಿಸ್ತೀರಾ ಮೇಡಂ?" ಇಲ್ಲ. ಹಳೆಯ ಪುಟಗಳಲ್ಲಿ ನಾನು ಮಾಡಿದ ತಿದ್ದುಪಡಿ ಒಂದೇ. ಗುಳ್ಳೆಯನ್ನು ಚಿಕ್ಕದು ಮಾಡಿದ್ದೇನೆ. ಎಷ್ಟು ಚಿಕ್ಕದೆಂದು ಯಾರೂ ಅಳೆಯಹೋಗಬೇಡಿ, ಅಮ್ಮ ಆಗಲೇ ಕೆಮ್ಮಿ ಎಚ್ಚರಿಸುತ್ತಿದ್ದಾಳೆ.

ನನ್ನನ್ನು ನಂಬಿ ಇಷ್ಟು ವರ್ಷ ಓದಿದ ನಿಮಗೆಲ್ಲ ಕೃತಜ್ಞತೆಗಳು. ಮಕ್ಕಳಿಗೆ ದೃಷ್ಟಿ ತಾಗಿದರೆ ಇನ್ನು ಮೇಲೆ ನನ್ನ ಹತ್ತಿರವೂ ಧೈರ್ಯವಾಗಿ ಕರೆತನ್ನಿ. ನಮಸ್ಕಾರ.