ಕಪ್ಪೆ ಕೂಗಿದ ಜಾಗ

ರಾತ್ರಿ ಒಂಬತ್ತೂವರೆ. ಶಿರಸಿಯಲ್ಲಿ ಕರೆಂಟಿಲ್ಲ. ನನ್ನ ಚಿಕ್ಕಪ್ಪನ ಮಗಳು, ಗುಡ್ನಾಪುರದ ಶಿವರಂಜನಿ, ಆಫೀಸಿನಿಂದ ಬಾಡಿಗೆ ಕೋಣೆಗೆ ಒಬ್ಬಳೇ ನಡೆದು ಹೊರಟಿದ್ದಳು. ದಾರಿಯಲ್ಲೊಂದು ಹಾಳುಬಾವಿ. ಎರಡು ಸಾವಿರದ ಮೂರನೇ ಇಸವಿ... ನಗಬೇಡಿ, ಅವಳೇ ನನ್ನ ಕೈ ಹಿಡಕೊಂಡು ಹೇಳಿದ್ದು.

ಅವತ್ತು ಅವಳ ತಲೆ ಕೆಟ್ಟು ಕೆರ ಹಿಡಿದಿತ್ತು. ಅವಳದು ಕಪ್ಪೆಗಳ ಮೇಲೆ ಸಂಶೋಧನೆ ಮಾಡುವ ಸಣ್ಣ ಆಫೀಸು. ಕಾಡಿನಲ್ಲಿ ಕ್ಯಾಸೆಟ್ಟಿಗೆ ಹಿಡಿದ ಕಪ್ಪೆದನಿಗಳನ್ನೆಲ್ಲ ಕಂಪ್ಯೂಟರಿಗೆ ಏರಿಸುವುದು ಅವಳ ಕೆಲಸ. ಯಾವ ಜಾಗ, ಯಾವ ದಿನ, ಯಾರು ಹಿಡಿದದ್ದು... ಎಲ್ಲ ತುಂಬಬೇಕು. ಒಂದು ಖಾನೆ ಖಾಲಿ ಬಿಟ್ಟರೂ ಆ ಹಾಳು ಸಾಫ್ಟ್‌ವೇರು ‘ಟಣ್’ ಅಂದು ಇಡೀ ಪುಟ ಅಳಿಸಿಬಿಡುತ್ತಿತ್ತು. ಮತ್ತೆ ಮೊದಲಿಂದ.

ಮುನ್ನೂರು ದನಿ ಏರಿಸಿ ಮುಗಿಸಿದ್ದಳು. ಒಂದೇ ಒಂದು ಉಳಿದಿತ್ತು. ಅಂಥ ಕೂಗು ಬೇರೆ ಯಾವ ಕ್ಯಾಸೆಟ್ಟಿನಲ್ಲೂ ಇಲ್ಲ. ಆ ಕ್ಯಾಸೆಟ್ಟಿನ ಮೇಲೆ ‘ಹೊನ್ನ’ ಅಂತ ಹೆಸರು, ಒಂದು ತಾರೀಕು, ಅಷ್ಟೇ; ಜಾಗ ಬರೆದಿರಲಿಲ್ಲ. ಕಾಡು ತೋರಿಸಲು ಬರುತ್ತಿದ್ದ ಆ ಹೊನ್ನ ಸತ್ತು ನಾಲ್ಕು ವರ್ಷವಾಗಿತ್ತು.

ಮೂರು ದಿನ ಒದ್ದಾಡಿದಳು.

“ಸರ್, ಜಾಗಾನ ಗೊತ್ತಿಲ್ಲ, ಹೆಂಗ ತುಂಬಲ್ರಿ?”

ಮೇಲಿನವರು ಸೀತಾರಾಮ ಸರ್. “ಎಂತಕ್ಕೆ ಒದ್ದಾಡ್ತೀಯೇ ಮಾರಾಯ್ತಿ? ಹೆಗ್ಗರಣೆ ಕಾಡು ಅಂತ ಹಾಕು. ಇಲ್ಲಾಂದ್ರೆ ಅಳಿಸಿ ಬಿಡು. ನಾಳೆ ಪಟ್ಟಿ ಕಳಿಸ್ಲೇಬೇಕು.”

ಸುಳ್ಳು ಬರೆಯಲು ಮನಸ್ಸಿಲ್ಲ. ಅಳಿಸಲು ಕೈ ಬರದು. ಅಷ್ಟರಲ್ಲಿ ಕರೆಂಟೂ ಹೋಯಿತು. ಸಿಟ್ಟಿಗೆ ಅಳುವೇ ಬಂತಂತೆ.

ಬಾವಿ ಹತ್ತಿರ ಬಂತು...

ಟಕ್. ಟಕ್. ಟಕ್... ಕಿರ್ರ್ರ್.

ನಿಂತಳು. ಉಗುರಿನಲ್ಲಿ ಹಲಗೆ ಬಡಿದ ಹಾಗೆ ಮೂರು ಸಲ, ಆಮೇಲೆ ಒಣ ಬಾಗಿಲು ಎಳೆದ ಹಾಗೆ. ಅದೇ ಕೂಗು. ಮೂರು ದಿನದಲ್ಲಿ ನೂರು ಸಲ ಕೇಳಿದ್ದಳು.

ಬಾವಿಕಟ್ಟೆಯ ಮೇಲೆ ಯಾರೋ ಕೂತಿದ್ದರು. ಮುಖ ಕಾಣದು. ಪಂಚೆಯಿಂದ ನೀರು ಬೀಳುತ್ತಿತ್ತು... ತೊಟ್. ತೊಟ್.

“ಇಲ್ಲೇ, ತಂಗೀ,” ಪಿಸುದನಿ. “ಇದೇ ಬಾವಿ. ಬರಕೋ.”

“ಯಾ... ಯಾರ್ರಿ ನೀವು?”

“ನಾನೇ ಹಿಡಿದ ದನಿ ಅದು. ಅಳಿಸಬೇಡ...”

ಓಡಿದಳು. ರಾತ್ರಿಯಿಡೀ ದೀಪ ಹಚ್ಚಿಕೊಂಡೇ ಕೂತಳು. ಬೆಳಗಾಗುವಷ್ಟರಲ್ಲಿ ಹೆದರಿಕೆಗಿಂತ ಸಿಟ್ಟೇ ಜಾಸ್ತಿಯಾಗಿತ್ತಂತೆ. ಇಷ್ಟು ಹೇಳಲು ಆ ಹೊನ್ನನಿಗೆ ಮೂರು ದಿನ ಬೇಕಿತ್ತೇನು ಅಂತ!

ಆಫೀಸಿಗೆ ಹೋದವಳೇ ಜಾಗದ ಖಾನೆಯಲ್ಲಿ ಆ ಬಾವಿಯನ್ನು ಬರೆದಳು. ಕೆಳಗೆ ನೀರಿನ ಆಳ ಅಂತ ಇನ್ನೊಂದು ಖಾನೆ. ಮತ್ತೆ ಅಲ್ಲಿಗೆ ಹೋಗಿ ಹಗ್ಗ ಇಳಿಸಿ ಅಳೆಯುವ ಧೈರ್ಯ ಯಾರಿಗಿದೆ? ಅಳಿಸಿಹೋದರೆ ಹೋಗಲಿ ಅಂತ ಖಾಲಿ ಬಿಟ್ಟೇ ಒತ್ತಿದಳು.

ಸದ್ದಿಲ್ಲ. ಪುಟ ಉಳಿಯಿತು. ಪಟ್ಟಿ ಕಳಿಸಿದ್ದೂ ಆಯಿತು.

ಮಧ್ಯಾಹ್ನ ಸುಮ್ಮನೆ ಅದನ್ನು ತೆರೆದು ನೋಡಿದಳು. ಆ ಖಾನೆ ಅಂಕಿ ಬಿಟ್ಟು ಬೇರೇನೂ ತಗೊಳ್ಳುತ್ತಿರಲಿಲ್ಲ. ಆ ಕಂಪ್ಯೂಟರಿಗೆ ಕನ್ನಡವನ್ನೇ ಹಾಕಿರಲಿಲ್ಲ. ಆದರೂ ನೀರಿನ ಆಳದ ಎದುರು ಕನ್ನಡದಲ್ಲಿ ಬರೆದಿತ್ತು... ‘ಎರಡಾಳು ನೀರು’.

ಅದರ ಪ್ರಿಂಟು ಅವಳ ಹತ್ತಿರ ಇನ್ನೂ ಇದೆ. ಮಧುಕೇಶ್ವರನಾಣೆ, ನಾನೇ ಕೈಯಲ್ಲಿ ಹಿಡಿದು ಓದಿದ್ದೇನೆ.