ಪುಸ್ತಕದಲ್ಲಿ ಎರಡು, ಬೆನ್ನಮೇಲೆ ಮೂರು

ಅಧ್ಯಕ್ಷತೆ ವಹಿಸಿರುವ ಶ್ರೀಮತಿ ಫೆಯಾಗೈ ಅವರೇ, ಪ್ರಾರ್ಥನೆ ನಡೆಸಿಕೊಟ್ಟ ಪಾದ್ರಿಗಳೇ, ಎಡಗಡೆ ಕುಳಿತಿರುವ ಆಸ್ಪತ್ರೆಯ ಗೆಳೆಯರೇ, ಬಲಗಡೆ ಕುಳಿತಿರುವ ನಮ್ಮ ಸಮೋವಾದವರ ಮಾಂಗೆರೆ ಚರ್ಚಿನ ಬಂಧುಗಳೇ, ಇಂದಿನ ಸಂಜೆಗೆ ಕಾರಣರಾದ ಸಿಸ್ಟರ್ ಪೆನಿನಾ ಅವರೇ, ಸಭಿಕರೇ,

ನಮ್ಮ ಚರ್ಚಿನ ಸಾಲೋಮೆ ಅತ್ತೆ ನನಗೆಂದು ತಂದಿರುವ ತೆಂಗಿನಹಾಲಿನ ಬನ್ನಿನ ವಾಸನೆ ವೇದಿಕೆಯವರೆಗೂ ಬರುತ್ತಿದೆ. ಬೇಗ ಮುಗಿಸು ಎಂದು ಪಾದ್ರಿಗಳು ಆಗಲೇ ಕಣ್ಸನ್ನೆ ಮಾಡಿದ್ದಾರೆ. ಎರಡು ಗಂಟೆಯ ಪ್ರಸಂಗ ಮಾಡುವವರು ನನಗೆ ಹೀಗೆ ಹೇಳುವುದು ನ್ಯಾಯವೇ?

ಮೂವತ್ತೊಂದು ವರ್ಷ ಮಕ್ಕಳ ವಾರ್ಡಿನಲ್ಲಿ ನರ್ಸಾಗಿ ದುಡಿದ ಪೆನಿನಾ ಇಂದು ನಿವೃತ್ತರಾಗುತ್ತಿದ್ದಾರೆ. ಅವರ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆದುಕೊಂಡು ಬಂದಿದ್ದೆ. ಆ ಚೀಟಿ ಜೇಬಿನಲ್ಲೇ ಇರಲಿ.

ಇನ್ನೂ ಮಗುಚಿಕೊಳ್ಳುವುದನ್ನೇ ಕಲಿಯದ ಕೂಸೊಂದು ಇದೆ ಎನ್ನಿ. ತಾನಾಗಿ ಬೀಳಲಾರದು, ಎಲ್ಲಿಗೂ ಡಿಕ್ಕಿ ಹೊಡೆಯಲಾರದು. ಅಂಥ ಕೂಸಿನ ಮೈಮೇಲೆ ಏಟಿನ ಗುರುತು ಕಂಡರೆ ಮಕ್ಕಳ ವೈದ್ಯ ಏನು ಮಾಡಬೇಕು? ಮಕ್ಕಳ ರಕ್ಷಣಾ ಕಚೇರಿಗೆ ತಿಳಿಸಬೇಕು. ಹೇಳುವುದು ಇಷ್ಟು ಸುಲಭ. ಆದರೆ ತಿಳಿಸಿ ತಪ್ಪಾದರೆ ಒಂದು ಮನೆ ಒಡೆಯುತ್ತದೆ. ತಿಳಿಸದೆ ತಪ್ಪಾದರೆ ಒಂದು ಕೂಸು ಹೋಗುತ್ತದೆ. ಈ ಎರಡರ ನಡುವೆ ನಿಂತು ನಿದ್ದೆಗೆಡದ ಮಕ್ಕಳ ವೈದ್ಯರನ್ನು ನಾನಂತೂ ನೋಡಿಲ್ಲ.

ನಮ್ಮ ಸಮೋವಾ ಮಕ್ಕಳಲ್ಲಿ ಎಷ್ಟೋ ಮಂದಿಗೆ ಹುಟ್ಟುವಾಗಲೇ ಸೊಂಟದ ಮೇಲೆ ನೀಲಿ ಮಚ್ಚೆ ಇರುತ್ತದೆ. ನನ್ನ ಅಕ್ಕನ ಮಗನಿಗೂ ಇತ್ತು. ಒಬ್ಬ ಬಿಳಿಯ ವೈದ್ಯರು ಅದನ್ನು ಹೊಡೆತದ ಗುರುತೆಂದು ತಿಳಿದರು. ಕಚೇರಿಯವರು ಕೂಸನ್ನು ಕರೆದೊಯ್ದು ಮೂರು ದಿನ ಪರರ ಮನೆಯಲ್ಲಿಟ್ಟರು. ಅಕ್ಕನ ಎದೆಹಾಲು ಬತ್ತಿಹೋಯಿತು. ಆಗ ನಾನಿನ್ನೂ ವಿದ್ಯಾರ್ಥಿ. ಅಂದೇ ಹಟ ತೊಟ್ಟೆ. ವೈದ್ಯನಾದ ಮೇಲೆ ಹತ್ತು ವರ್ಷ ಬಡಿದಾಡಿ, ನಮ್ಮ ಆಸ್ಪತ್ರೆಯಲ್ಲಿ ಹುಟ್ಟುವ ಪ್ರತಿ ಕೂಸಿನ ಆರೋಗ್ಯ ಪುಸ್ತಕಕ್ಕೂ ಒಂದು ಪುಟ ಸೇರಿಸಿದೆ. ಅದರಲ್ಲಿ ಕೂಸಿನ ಬೆನ್ನಿನ ಚಿತ್ರವಿದೆ. ಹೆರಿಗೆ ಮಾಡಿಸಿದ ಸಿಸ್ಟರ್ ಅಂದೇ ಮಚ್ಚೆಗಳನ್ನು ಅದರ ಮೇಲೆ ಗುರುತು ಹಾಕಿ ಸಹಿ ಮಾಡಬೇಕು. ಜನ ಅದನ್ನು ನನ್ನ ಪುಟ ಎಂದೇ ಕರೆದರು. ನಾನೂ ಬೇಡ ಅನ್ನಲಿಲ್ಲ.

ಒಂಬತ್ತು ವರ್ಷದ ಹಿಂದೆ ಮೂರು ತಿಂಗಳ ಅನೇಟಾ ಕೆಮ್ಮಿಗೆಂದು ವಾರ್ಡಿಗೆ ಬಂದಳು. ಸಾಲೋಮೆ ಅತ್ತೆಯ ಮೊಮ್ಮಗಳು. ತಂದೆ ಮಾಲಾಕಿ, ನಮ್ಮ ಚರ್ಚಿನ ಗಾಯನ ಮೇಳದ ಹುಡುಗ. ಪೆನಿನಾ ನನ್ನನ್ನು ಪಕ್ಕಕ್ಕೆ ಕರೆದರು.

"ಡಾಕ್ಟ್ರೇ, ನಿಮ್ ಪುಟದಲ್ಲಿ ಎರಡಿದೆ. ಬೆನ್ನ ಮೇಲೆ ಮೂರಿದೆ."

"ಬರೆಯೋರು ಒಂದು ಬಿಟ್ಟಿರ್ತಾರೆ ಬಿಡಿ ಸಿಸ್ಟರ್. ಅದು ಮಚ್ಚೆ. ನನಗೆ ಗೊತ್ತಾಗಲ್ವಾ?"

"ಬರೆಯೋಕೆ ಹೇಳ್ಕೊಟ್ಟೋರು ನೀವು. ಈಗ ನೀವೇ ನಂಬಲ್ಲ ಅಂದ್ರೆ ಹೆಂಗೆ?"

"ಮಾಲಾಕಿ ನಮ್ಮ ಹುಡುಗ ಕಣ್ರೀ!"

ಆಗ ಅವರು ಅಂದ ಮಾತು ಇನ್ನೂ ಕಿವಿಯಲ್ಲಿದೆ. "ಬಿಳಿಯರ ಮಗು ಆಗಿದ್ರೆ ಇಷ್ಟೊತ್ತಿಗೆ ಫೋನ್ ಮಾಡಿರ್ತಿದ್ರಿ. ನಮ್ ಕೂಸಿಗೇನು ನೋವಾಗಲ್ವಾ? ನಾವೇನು ತೀರ್ಪು ಕೊಡ್ತಿಲ್ಲ ಡಾಕ್ಟ್ರೇ. ಒಂದ್ಸಲ ನೋಡಿ ಅಂತ ಕಚೇರಿಯವರನ್ನ ಕೇಳ್ತೀವಿ, ಅಷ್ಟೆ."

ನಾನು ಕೋಪ ಮಾಡಿಕೊಂಡು ಹೊರಟುಹೋದೆ. ಅವರು ಫೋನ್ ಎತ್ತಿ, ತಮ್ಮ ಹೆಸರು ಹೇಳಿ, ಕಚೇರಿಗೆ ತಿಳಿಸಿದರು. ಎಕ್ಸ್‌ರೇ ತೆಗೆದರು. ಎರಡು ಪಕ್ಕೆಲುಬು ಮುರಿದು, ಅರ್ಧ ಕೂಡಿಕೊಂಡಿದ್ದವು.

ಸಭಿಕರೇ, ನಾನು ಯಾರ ಗುಟ್ಟನ್ನೂ ಬಯಲು ಮಾಡುತ್ತಿಲ್ಲ. ಕಳೆದ ವರ್ಷ ಮಾಲಾಕಿ ಇದೇ ಸಭಾಂಗಣದಲ್ಲಿ ಎದ್ದು ನಿಂತು, ನಿದ್ದೆಯಿಲ್ಲದೆ ತಲೆಕೆಟ್ಟು ಮಗಳನ್ನು ಹಿಚುಕಿದ್ದು ನಾನೇ ಎಂದು ಅತ್ತಿದ್ದಾನೆ. ಆ ಧೈರ್ಯ ಅವನಿಗಿತ್ತು. ನನಗೆ?

ಎಡಗಡೆಯ ಗೆಳೆಯರೇ, ಪುಟ ನನ್ನದು, ತಿಳಿಸಿದವನೂ ನಾನೇ ಇರಬೇಕೆಂದುಕೊಂಡು, ಆ ಕೂಸನ್ನು ಉಳಿಸಿದ ಚುರುಕುಗಣ್ಣಿನ ವೈದ್ಯನೆಂದು ನೀವು ನನಗೆ ಪ್ರಶಸ್ತಿ ಫಲಕ ಕೊಟ್ಟಿರಿ. ನಾನು ಅದನ್ನು ಗೋಡೆಗೆ ಹಾಕಿಕೊಂಡೆ. ಬಲಗಡೆಯ ಬಂಧುಗಳೇ, ಪಾದ್ರಿಗೆ ಹೇಳದೆ ಸರ್ಕಾರಕ್ಕೆ ಹೇಳಿದಳೆಂದು ನೀವು ಪೆನಿನಾ ಜೊತೆ ಮಾತು ಬಿಟ್ಟಿರಿ. ನಮ್ಮ ಮನೆಯನ್ನು ಬಿಟ್ಟುಕೊಡದ ಡಾಕ್ಟರೆಂದು ಸಾಲೋಮೆ ಅತ್ತೆ ಪ್ರತಿ ವರ್ಷ ಚರ್ಚಿನ ಮಕ್ಕಳ ಹಬ್ಬದ ಭಾನುವಾರ ನನಗೆ ಬನ್ನು ತಂದರು. ನಾನು ಅದನ್ನೂ ತಿಂದೆ. ತಿಳಿಸಿದ್ದಕ್ಕೆ ಫಲಕ, ತಿಳಿಸದೆ ಇದ್ದದ್ದಕ್ಕೆ ಬನ್ನು! ಎರಡು ಕೈಯಲ್ಲೂ ಬಾಚಿಕೊಂಡವನು ನಾನೊಬ್ಬನೇ ಇರಬೇಕು.

ಪೆನಿನಾ? ಒಂಬತ್ತು ವರ್ಷ ಚರ್ಚಿನ ಕೊನೆಯ ಬೆಂಚಿನಲ್ಲಿ ಒಬ್ಬರೇ ಕುಳಿತು ಹಾಡಿದರು. ಎರಡು ಕಡೆಯವರಿಗೂ ಒಂದು ಮಾತು ಹೇಳಲಿಲ್ಲ. ಒಮ್ಮೆ ನಾಚಿಕೆ ತಡೆಯಲಾರದೆ ಫಲಕ ಹಿಡಿದು ಅವರ ಬಾಗಿಲಿಗೆ ಹೋಗಿದ್ದೆ. "ಧೂಳು ಒರೆಸೋಕೆ ಮನೇಲಿ ಸಾಮಾನು ಬೇಕಾದಷ್ಟಿದೆ ಡಾಕ್ಟ್ರೇ, ತಗೊಂಡ್ಹೋಗಿ. ಮಗು ಓಡಾಡ್ಕೊಂಡಿದೆ ಅಲ್ವಾ? ಯಾರು ಹೇಳಿದ್ರೆ ಏನೀಗ?" ಅಂದರು. ನನಗೆ ಅಂದೂ ಬೆರಗು, ಇಂದೂ ಬೆರಗು. ಇಷ್ಟು ದೊಡ್ಡ ಮನಸ್ಸು ಒಬ್ಬರಲ್ಲೇ ಹೇಗೆ ಹಿಡಿಸಿತು?

ಅನೇಟಾ ಎರಡನೇ ಸಾಲಿನಲ್ಲಿ ಅಜ್ಜಿಯ ಪಕ್ಕ ಕುಳಿತು, ಈ ಮಾಮ ಯಾವಾಗ ಮುಗಿಸುತ್ತಾನೋ ಎಂದು ಕಾಲು ಆಡಿಸುತ್ತಿದ್ದಾಳೆ. ಅವಳು ಹೀಗೆ ಕಾಲು ಆಡಿಸುತ್ತಿರುವುದು ನನ್ನಿಂದ ಅಲ್ಲ. ನನ್ನ ಕೈಯಲ್ಲಿದ್ದಿದ್ದರೆ ಅಂದೇ ಅವಳನ್ನು ಮನೆಗೆ ಕಳಿಸಿಬಿಡುತ್ತಿದ್ದೆ.

ಇಷ್ಟು ಹೊತ್ತು ತಾಳಿಕೊಂಡ ಎರಡೂ ಕಡೆಯವರಿಗೆ ನಾನು ಋಣಿ. ಅಧ್ಯಕ್ಷರಿಗೆ, ಪಾದ್ರಿಗಳಿಗೆ, ಅಡುಗೆ ಮಾಡಿದ ತಾಯಂದಿರಿಗೆ ವಂದನೆಗಳು. ಸಾಲೋಮೆ ಅತ್ತೆ, ನಿಮ್ಮ ಬನ್ನಿನ ತಟ್ಟೆ ನನ್ನ ಹತ್ತಿರ ತರಬೇಡಿ. ಪೆನಿನಾ ಮುಂದಿನ ಸಾಲಿನಲ್ಲೇ ಇದ್ದಾರೆ, ಅವರಿಗೆ ಕೊಡಿ. ಅನೇಟಾ, ಅಜ್ಜಿಗೆ ಮಂಡಿನೋವು, ಎದ್ದೇಳಲು ಕೈ ಕೊಡಮ್ಮ.

ನಮಸ್ಕಾರ.